ಸಮುದ್ರದಡಿಯ ತಂತಿಯಲ್ಲಿ ಸಂಕೇತಕ್ಕೆ ಬಲ ತುಂಬುತ್ತಿದ್ದುದು ಹೇಗೆ?

ಪ್ರಶ್ನೆ
ನೆಲದ ಮೇಲಿನ ಟೆಲಿಗ್ರಾಫ್ ಮಾರ್ಗಗಳಲ್ಲಿ ಸಂಕೇತ ಕ್ಷೀಣಿಸುವ ಕಡೆ ರಿಲೇ ಇಟ್ಟು, ಅಲ್ಲಿನ ಬ್ಯಾಟರಿಯಿಂದ ಅದನ್ನು ಹೊಸದಾಗಿ ಮುಂದಕ್ಕೆ ಕಳುಹಿಸುತ್ತಿದ್ದರು ಎಂದು ಓದಿದ್ದೇನೆ. ಆದರೆ 1866ರಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡ್‌ವರೆಗೆ ಹಾಸಿದ ಕೇಬಲ್‌ನ ನಡುವೆ ಇದ್ದದ್ದು ಸಮುದ್ರವೊಂದೇ. ಕಳುಹಿಸುವ ತುದಿಯಲ್ಲಿ ವೋಲ್ಟೇಜ್ ಏರಿಸಿದರೆ ಸಾಕಾಗುತ್ತಿತ್ತೇ?

ಉತ್ತರ 1
ಹಾಗೆ ಏರಿಸಿ ನೋಡಿದವರು ಕೇಬಲ್ಲನ್ನೇ ಕಳೆದುಕೊಂಡರು. 1858ರ ಮೊದಲ ಅಟ್ಲಾಂಟಿಕ್ ಕೇಬಲ್‌ಗೆ ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಸುಮಾರು 2,000 ವೋಲ್ಟ್ ಹಾಯಿಸಿದರು. ಮೊದಲೇ ದೋಷವಿದ್ದ ಗಟಾಪರ್ಚಾ (ಮರದ ಹಾಲಿನಿಂದ ಮಾಡಿದ, ರಬ್ಬರಿನಂಥ ವಿದ್ಯುತ್ ನಿರೋಧಕ) ಹೊದಿಕೆ ತಾಳಲಿಲ್ಲ, ಕೆಲವೇ ವಾರಗಳಲ್ಲಿ ಕೇಬಲ್ ಮೂಕವಾಯಿತು.

ಅಲ್ಲಿನ ತೊಡಕು ಸಂಕೇತ ಸೊರಗುವುದಕ್ಕಿಂತ ಹೆಚ್ಚಾಗಿ ಕದಡುವುದು. ಒಳಗಿನ ತಾಮ್ರ, ಸುತ್ತಲಿನ ಗಟಾಪರ್ಚಾ, ಹೊರಗಿನ ಉಪ್ಪುನೀರು ಮೂರೂ ಸೇರಿ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಉದ್ದಾನುದ್ದದ ಕೆಪಾಸಿಟರ್ ಆಗುವುದರಿಂದ, ಈ ತುದಿಯಲ್ಲಿ ಚುಟುಕಾಗಿ ಒತ್ತಿದ ಸಂಕೇತ ಆ ತುದಿಯಲ್ಲಿ ಮೆಲ್ಲಗೆ ಏರಿ, ಇನ್ನೂ ಮೆಲ್ಲಗೆ ಇಳಿದು, ಹಿಂದಿನಿಂದ ಬರುವ ಸಂಕೇತದೊಳಗೆ ಕಲಸಿಹೋಗುತ್ತದೆ. ಅದೇ ಬಗೆಯ ಕೇಬಲ್‌ನ ಉದ್ದ ಎರಡು ಪಟ್ಟಾದರೆ ಈ ವಿಳಂಬ ನಾಲ್ಕು ಪಟ್ಟಾಗುತ್ತದೆ ಎಂದು ಭೌತವಿಜ್ಞಾನಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಲೆಕ್ಕ ಹಾಕಿ ತೋರಿಸಿದ್ದರು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶಕ್ಕೆ 1858ರಲ್ಲಿ ಸುಮಾರು 16 ಗಂಟೆ ಹಿಡಿಯಿತು.

ಉತ್ತರ 2
ಮೇಲಿನ ಮಾತಿಗೆ ಸೇರಿಸುವುದಾದರೆ, ಥಾಮ್ಸನ್ ಬಲವನ್ನು ಹೆಚ್ಚಿಸುವ ಬದಲು ಓದುವ ಕಣ್ಣನ್ನು ಚುರುಕುಗೊಳಿಸಿದರು. ವಿದ್ಯುತ್ ಹರಿವನ್ನು ತೋರಿಸುವ ಅವರ ಗ್ಯಾಲ್ವನೋಮೀಟರಿನಲ್ಲಿ ರೇಷ್ಮೆ ಎಳೆಗೆ ತೂಗುಬಿಟ್ಟ ಪುಟ್ಟ ಕನ್ನಡಿ, ಅದರ ಬೆನ್ನಿಗೆ ಅಂಟಿಸಿದ ಅಯಸ್ಕಾಂತದ ಚೂರುಗಳು. ಅತ್ಯಲ್ಪ ವಿದ್ಯುತ್ ಹರಿದರೂ ಕನ್ನಡಿಯಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆ ಅಳತೆಪಟ್ಟಿಯ ಮೇಲೆ ಎಡಕ್ಕೋ ಬಲಕ್ಕೋ ಸರಿಯುತ್ತಿತ್ತು. ಒಬ್ಬ ಗುಮಾಸ್ತ ಕತ್ತಲೆಯಲ್ಲಿ ಚುಕ್ಕೆಯನ್ನು ನೋಡುತ್ತ ಅಕ್ಷರ ಹೇಳಿದರೆ ಇನ್ನೊಬ್ಬ ಬರೆದುಕೊಳ್ಳುತ್ತಿದ್ದ. 1866ರಲ್ಲಿ ಎರಡು ಅಟ್ಲಾಂಟಿಕ್ ಕೇಬಲ್‌ಗಳನ್ನು ಅಮೆರಿಕದ ತುದಿಯಲ್ಲಿ ಜೋಡಿಸಿ, ಹೊಲಿಗೆಯ ಬೆಳ್ಳಿ ಅಂಗುಸ್ತಾನದಲ್ಲಿ ತುಸು ಆಮ್ಲ, ಸತುವಿನ ಚೂರು ಹಾಕಿ ಮಾಡಿದ ಸೆಲ್‌ನಿಂದಲೇ ಎಂಜಿನಿಯರ್ ಲ್ಯಾಟಿಮರ್ ಕ್ಲಾರ್ಕ್ ಸಾಗರದಾಚೆಗೆ ಸಂಕೇತ ಕಳುಹಿಸಿ, ಮರಳಿ ಪಡೆದರು. 2,000 ವೋಲ್ಟ್ ಹಾಯಿಸಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಹಾಗಿದ್ದರೆ ಪೆಸಿಫಿಕ್‌ನಂಥ ವಿಶಾಲ ಸಾಗರದಲ್ಲಿ ಏನು ಮಾಡಿದರು?

ಉತ್ತರ 3
ದ್ವೀಪಗಳನ್ನು ಹಿಡಿದರು. 1902ರ ಪೆಸಿಫಿಕ್ ಕೇಬಲ್ ಕೆನಡಾದಿಂದ ಹೊರಟು ಮೊದಲು ದಡ ಸೇರುತ್ತಿದ್ದುದು ಪೆಸಿಫಿಕ್ ನಡುವಿನ ಫ್ಯಾನಿಂಗ್ ದ್ವೀಪದಲ್ಲಿ. ಅಂಥ ನಿಲ್ದಾಣಗಳಲ್ಲಿ ಸೈಫನ್ ರೆಕಾರ್ಡರ್ ಕಾಗದದ ಪಟ್ಟಿಯ ಮೇಲೆ ಶಾಯಿಯಲ್ಲಿ ಎಳೆದ ಅಲೆಗೆರೆಯನ್ನು ಓದಿ, ಮುಂದಿನ ಕೇಬಲ್‌ಗೆ ಹೊಸದಾಗಿ ಕಳುಹಿಸುವುದು ಸಿಬ್ಬಂದಿಯ ಕೆಲಸ. ಅಂದರೆ ಮನುಷ್ಯನೇ ರಿಲೇ. ಸಮುದ್ರದ ತಳದಲ್ಲೇ ಆಂಪ್ಲಿಫೈಯರ್ (ಸಂಕೇತವನ್ನು ವರ್ಧಿಸುವ ಸಾಧನ, ಕೇಬಲ್‌ನಲ್ಲಿ ಇದಕ್ಕೆ ರಿಪೀಟರ್ ಎನ್ನುತ್ತಾರೆ) ಇಟ್ಟು ಅಟ್ಲಾಂಟಿಕ್ ದಾಟಿದ್ದು ದೂರವಾಣಿ ಕೇಬಲ್‌ನಲ್ಲಿ, 1956ರಲ್ಲಿ: ಹೋಗಲೊಂದು, ಬರಲೊಂದು ಎಂದು ಹಾಸಿದ ಎರಡು ಕೇಬಲ್‌ಗಳಲ್ಲಿ ತಲಾ 51 ರಿಪೀಟರ್‌ಗಳಿದ್ದು, ಅವುಗಳ ವಾಲ್ವ್‌ಗಳಿಗೆ (ನಿರ್ವಾತ ನಳಿಕೆಗಳಿಗೆ) ಬೇಕಾದ ವಿದ್ಯುತ್ ದಡದಿಂದ ಅದೇ ಕೇಬಲ್‌ನ ತಾಮ್ರದೊಳಗೆ ಹರಿದು ಬರುತ್ತಿತ್ತು.