ಬಸ್ಸು, ರೈಲುಗಳಲ್ಲಿ ಸೋಂಕಿನ ಭಯ: ನಾವು ಅಪಾಯವನ್ನು ಸರಿಯಾಗಿ ಅಳೆಯುತ್ತೇವೆಯೇ?

ಪ್ರಶ್ನೆ:
ಬಸ್ಸಿನ ಹಿಡಿಕೆಯನ್ನು ಮುಟ್ಟಲು ಹಿಂಜರಿಯುವವರೇ, ಕಿಟಕಿಗಳೆಲ್ಲ ಮುಚ್ಚಿದ ಅದೇ ಬಸ್ಸಿನಲ್ಲಿ ಗಂಟೆಗಟ್ಟಲೆ ನಿಶ್ಚಿಂತೆಯಿಂದ ಕುಳಿತಿರುತ್ತಾರೆ. ನಿಜವಾದ ಅಪಾಯಕ್ಕೂ ಮನಸ್ಸಿಗೆ ತೋರುವ ಅಪಾಯಕ್ಕೂ ಇಷ್ಟು ಅಂತರವೇಕೆ?

ಉತ್ತರ 1:
ಜನರು ಅಪಾಯವನ್ನು ಸಾವುನೋವಿನ ಅಂಕಿಗಳಿಂದಷ್ಟೇ ಅಳೆಯುವುದಿಲ್ಲ, ಅದು ಎಷ್ಟು ಭೀಕರ ಹಾಗೂ ಎಷ್ಟು ಅಪರಿಚಿತ ಎನಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ವಿವರಿಸಿದ್ದರು. ವಾಹನದಲ್ಲಿ ಪಕ್ಕಕ್ಕೆ ಯಾರು ಬಂದು ಕೂರುತ್ತಾರೆಂಬುದು ನಮ್ಮ ಹಿಡಿತದಲ್ಲಿಲ್ಲ. ಆದ್ದರಿಂದಲೇ, ಮನೆಯವರೊಂದಿಗಿನ ಒಡನಾಟ ಎಷ್ಟೋ ಪಟ್ಟು ದೀರ್ಘವಾಗಿದ್ದರೂ, ಅಪರಿಚಿತರ ಒಂದು ಕೆಮ್ಮು ನಮ್ಮನ್ನು ಹೆಚ್ಚು ಕಂಗೆಡಿಸುತ್ತದೆ.

ಉತ್ತರ 2:
ಮೇಲಿನ ಮಾತು ಒಪ್ಪತಕ್ಕದ್ದೇ; ಆದರೆ ರೋಗ ಯಾವುದೆಂದು ಹೇಳದೆ ಅಪಾಯದ ಚರ್ಚೆ ಪೂರ್ಣವಾಗದು. ಕಲುಷಿತ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2021ರಲ್ಲಿ ತಿಳಿಸಿತ್ತು. ವಾಂತಿಭೇದಿ ತರುವ ನೊರೊವೈರಸ್‌ಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅದು ಮೇಲ್ಮೈಗಳ ಮೂಲಕವೂ ಸುಲಭವಾಗಿ ಹರಡುತ್ತದೆ. ದಡಾರದ ವೈರಸ್ಸಂತೂ ರೋಗಿ ಇಳಿದುಹೋದ ಮೇಲೂ ಮುಚ್ಚಿದ ಜಾಗದ ಗಾಳಿಯಲ್ಲಿ 2 ಗಂಟೆಯವರೆಗೆ ಉಳಿಯಬಲ್ಲದು. ಒರೆಸಿದ ಕಂಬಿ ಕಣ್ಣಿಗೆ ಕಾಣುತ್ತದೆ, ಬದಲಾದ ಗಾಳಿ ಕಾಣುವುದಿಲ್ಲ. ಸಾರಿಗೆ ಸಂಸ್ಥೆಗಳು ಸ್ವಚ್ಛತೆಯನ್ನೇ ಹೆಚ್ಚು ಪ್ರದರ್ಶಿಸುವುದಕ್ಕೆ ಇದೂ ಒಂದು ಕಾರಣವಿರಬೇಕು ಎಂಬುದು ನನ್ನ ಅನುಮಾನ.

ಉತ್ತರ 3:
ಈ ಚರ್ಚೆಯಲ್ಲಿ ಪ್ರಯಾಣಿಕರಷ್ಟೇ ಇದ್ದಾರೆ. ನಾವು ನಮ್ಮ ನಿಲ್ದಾಣ ಬಂದೊಡನೆ ಇಳಿಯುತ್ತೇವೆ, ಚಾಲಕರೂ ನಿರ್ವಾಹಕರೂ ದಿನವಿಡೀ ಅದೇ ಗಾಳಿಯನ್ನು ಉಸಿರಾಡುತ್ತಾರೆ. ವಾಹನದೊಳಗಿನ ಗಾಳಿಯ ಸಂಚಾರವನ್ನು ಮೊದಲು ಅವರ ದೃಷ್ಟಿಯಿಂದ ಪರಿಶೀಲಿಸಬೇಕು.