ಪದಚರ್ಚೆ: ‘ನಿರೋಧಕ’ ಎಂದರೆ ರೆಸಿಸ್ಟರೋ, ಇನ್ಸುಲೇಟರೋ?

ಎಲ್ಲರಿಗೂ ನಮಸ್ಕಾರ.

ಮೈಕ್ರೋವೇವ್ ಓವನ್ ರಿಪೇರಿ ಕಲಿಯುವ ಹುಡುಗರಿಗೆಂದು ಒಂದು ಎಚ್ಚರಿಕೆ ಹಾಳೆ ಬರೆಯುತ್ತಿದ್ದೇನೆ, ಬೆಂಚಿನ ಎದುರು ಗೋಡೆಗೆ ಅಂಟಿಸುವಂಥದ್ದು. ಅದರಲ್ಲಿ ‘ನಿರೋಧಕ’ ಎಂಬ ಪದ ತೊಡಕಾಗಿದೆ: ರೆಸಿಸ್ಟರ್ ಎಂದರೆ ಕರೆಂಟನ್ನು ಮಿತವಾಗಿ ಹರಿಯಬಿಡುವ ಭಾಗ, ಇನ್ಸುಲೇಟರ್ ಎಂದರೆ ಹರಿಯಗೊಡದ ವಸ್ತು, ಈ ಪದವನ್ನು ಎರಡೂ ಅರ್ಥದಲ್ಲಿ ಓದಬಹುದು. ಓದಿದವನು ತಪ್ಪಾಗಿ ತಿಳಿದರೆ ಜೀವಕ್ಕೇ ಕುತ್ತು, ಹಾಗಾಗಿ ಬಲ್ಲವರನ್ನು ಕೇಳದೆ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ಓವನ್ನಿನ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಅದಕ್ಕೆ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಒಂದು ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ) ಸೇರಿ, ಮೈಕ್ರೋವೇವ್ ಹೊಮ್ಮಿಸುವ ಮ್ಯಾಗ್ನೆಟ್ರಾನ್‌ಗೆ 4000 ವೋಲ್ಟಿನ ಆಸುಪಾಸು ಸಿಗುತ್ತದೆ. ಕೆಪಾಸಿಟರ್ ಹೆಚ್ಚುಕಡಿಮೆ 1 ಮೈಕ್ರೋಫ್ಯಾರಡ್‌ನದು, ಮೈಮೇಲೆ 2100 ವೋಲ್ಟ್ ಎಸಿ ಎಂದು ಬರೆದಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಒಳಗೆ ಸಾಮಾನ್ಯವಾಗಿ 10 ಮೆಗಾಓಮಿನ ರೆಸಿಸ್ಟರ್ ಇರುತ್ತದೆ. ಅದು ಸರಿಯಿದ್ದರೆ ಒಂದು ನಿಮಿಷದಲ್ಲಿ ಚಾರ್ಜ್ ಬಹುತೇಕ ಇಳಿಯುತ್ತದೆ. ಅದು ಒಳಗೇ ಕಡಿದುಹೋಗಿದ್ದರೆ ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ನಮ್ಮ ಕೈಯಲ್ಲಿರುವ ಮಾಮೂಲಿ ಮಲ್ಟಿಮೀಟರು 600 ಅಥವಾ 1000 ವೋಲ್ಟಿನದು, ಅದನ್ನು ಅಲ್ಲಿಗೆ ಹಚ್ಚಿ ನೋಡುವ ಹಾಗೂ ಇಲ್ಲ. ಆದ್ದರಿಂದ ಮುಟ್ಟುವ ಮೊದಲು ಹೈ ವೋಲ್ಟೇಜ್ ತಾಳುವ ರೆಸಿಸ್ಟರ್ ಮೂಲಕ ಚಾರ್ಜ್ ತೆಗೆಯಬೇಕು, ಕೈ ಹಿಡಿಯುವ ಭಾಗಕ್ಕೆ ಒಳ್ಳೆಯ ಇನ್ಸುಲೇಷನ್ ಇರಬೇಕು.

ಇದನ್ನೇ ಪುಸ್ತಕದ ಕನ್ನಡದಲ್ಲಿ ಬರೆದರೆ ‘ಧಾರಕವನ್ನು ನಿರೋಧಕದ ಮೂಲಕ ವಿಸರ್ಜಿಸಿ’ ಎಂದಾಗುತ್ತದೆ (ಧಾರಕ ಎಂದರೆ ಕೆಪಾಸಿಟರ್, ವಿಸರ್ಜಿಸು ಎಂದರೆ ಚಾರ್ಜ್ ತೆಗೆ). ಬರೆದವನ ತಲೆಯಲ್ಲಿ ಇರುವುದು ರೆಸಿಸ್ಟರ್. ಆದರೆ ಓದುವ ಹುಡುಗ ಜಲನಿರೋಧಕ ಬಟ್ಟೆ, ಅಗ್ನಿನಿರೋಧಕ ಬಾಗಿಲು ಎಂಬ ಮಾತುಗಳನ್ನು ಕೇಳಿ ಬೆಳೆದವನು. ಅವನಿಗೆ ನಿರೋಧಕ ಎಂದರೆ ಒಳಗೆ ಬಿಡದೇ ಇರುವುದು. ವಿದ್ಯುತ್ ನಿರೋಧಕ ಎಂದರೆ ಕರೆಂಟ್ ಹರಿಯಗೊಡದ ರಬ್ಬರು, ಪ್ಲಾಸ್ಟಿಕ್ಕು. ಅವನು ಹಾಳೆ ಓದಿ, ಪ್ಲಾಸ್ಟಿಕ್ ಕಡ್ಡಿಯನ್ನೋ ಒಣಮರದ ಚೂರನ್ನೋ ಎರಡು ಟರ್ಮಿನಲ್‌ಗಳ ಮೇಲೆ ಇಟ್ಟು ತೆಗೆದ ಅಂದುಕೊಳ್ಳಿ. ಕಿಡಿ ಇಲ್ಲ, ಸದ್ದಿಲ್ಲ. ‘ಆಯ್ತು ಸಾರ್’ ಎಂದು ಕೈ ಹಾಕುತ್ತಾನೆ. ಚಾರ್ಜ್ ಅಷ್ಟೂ ಹಾಗೆಯೇ ಇರುತ್ತದೆ. ಹಾಳೆಯಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವನಿಗೇ ಶಾಕ್ ಹೊಡೆಯುತ್ತದೆ, ನನ್ನ ಆತಂಕ ಇರುವುದು ಇಲ್ಲಿ.

ಶಾಲಾ ಪುಸ್ತಕಗಳಲ್ಲಿ ರೋಧ (ರೆಸಿಸ್ಟೆನ್ಸ್), ರೋಧಕ (ರೆಸಿಸ್ಟರ್), ಅವಾಹಕ (ಇನ್ಸುಲೇಟರ್) ಎಂಬ ಪದಗಳಿವೆ. ರೋಧಕ–ನಿರೋಧಕ ಎಂದು ಬೇರೆ ಮಾಡಿದರೂ ಗೋಡೆಯ ಮೇಲಿನ ಹಾಳೆಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಅವಾಹಕ ಇನ್ನೂ ಅಪಾಯ: ಅಚ್ಚಿನಲ್ಲಿ ಒಂದು ‘ಅ’ ಬಿಟ್ಟುಹೋದರೆ ವಾಹಕವಾಯಿತು. ಹಾಗಾಗಿ ರೆಸಿಸ್ಟರ್ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಕೊಳ್ಳುವಾಗಲೂ ಅದೇ ಹೆಸರು ತಾನೆ. ಇನ್ಸುಲೇಟರ್ ಎನ್ನುವ ಕಡೆ ‘ಕರೆಂಟ್ ಹರಿಯದ ಹಿಡಿ’ ಎಂದು ಬಿಡಿಸಿ ಬರೆಯಬಹುದು. ಉದ್ದವಾದರೂ ಪರವಾಗಿಲ್ಲ.

ವಿಸರ್ಜಿಸು ಬೇಡವೇ ಬೇಡ. ನಮ್ಮ ಕಡೆ ಮೆಕ್ಯಾನಿಕ್‌ಗಳು ‘ಡಿಸ್ಚಾರ್ಜ್ ಮಾಡು’, ‘ಚಾರ್ಜ್ ಇಳಿಸು’ ಎರಡನ್ನೂ ಹೇಳುತ್ತಾರೆ. ‘ಇಳಿಸು’ ಚೆನ್ನಾಗಿಯೇ ಇದೆ, ಆದರೆ ಪೂರ್ತಿ ಹೋಯಿತು ಎಂಬ ಖಾತ್ರಿ ಅದರಲ್ಲಿಲ್ಲ. ಜ್ವರ ಇಳಿದಿದೆ ಎಂದರೆ ಇನ್ನೂ ಸ್ವಲ್ಪ ಇರಬಹುದು. ಜ್ವರ ಬಿಟ್ಟಿದೆ ಎಂದರೆ ಮೈ ತಣ್ಣಗಾಯಿತು. ಮೊಬೈಲಿನ ಚಾರ್ಜ್ ಇಳಿದಿದೆ ಎಂದಾಗಲೂ ಹತ್ತಿಪ್ಪತ್ತು ಪರ್ಸೆಂಟ್ ಉಳಿದಿರುತ್ತದೆ. ಇಲ್ಲಿ ಉಳಿಯಲೇಬಾರದು. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ಪ್ಲಗ್ ಕಿತ್ತರೆ ಸಾಲದು. ಕರೆಂಟ್ ಹರಿಯದ ಹಿಡಿ ಇರುವ ಕಡ್ಡಿಯಿಂದ, ನಡುವೆ ರೆಸಿಸ್ಟರ್ ಇಟ್ಟು, ಕೆಪಾಸಿಟರಿನ ಎರಡು ಟರ್ಮಿನಲ್‌ಗಳ ನಡುವೆ, ಆಮೇಲೆ ಒಂದೊಂದು ಟರ್ಮಿನಲ್‌ನಿಂದ ಬಾಡಿಗೆ ಮುಟ್ಟಿಸಿ ಹಿಡಿದು, ಚಾರ್ಜ್ ಪೂರ್ತಿ ಖಾಲಿ ಮಾಡಿ.’

ಇಲ್ಲೂ ಒಂದು ಅನುಮಾನ. ‘ಬಾಡಿ’ ಎಂದರೆ ಓವನ್ನಿನ ಲೋಹದ ಚೌಕಟ್ಟು ಎಂದು ನಮಗೆ ಗೊತ್ತು, ಆದರೆ ಹೊಸಬ ತನ್ನ ಮೈ ಎಂದುಕೊಂಡರೆ? ‘ಚಾಸಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆಯೇ, ಅಥವಾ ‘ಓವನ್ನಿನ ತಗಡಿನ ಮೈ’ ಎಂದೇ ಬರೆಯಲೇ?

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಟಿವಿ, ಯುಪಿಎಸ್ ರಿಪೇರಿ ಮಾಡುವವರು ಕೆಪಾಸಿಟರಿನ ಚಾರ್ಜ್ ತೆಗೆಯುವುದಕ್ಕೆ ಏನೆನ್ನುತ್ತಾರೆ? ಪೂರ್ತಿ ಬರಿದಾಗುವುದನ್ನು ಒಂದೇ ಮಾತಿನಲ್ಲಿ ಹೇಳುವ ಕ್ರಿಯಾಪದ ಅವರ ಬಾಯಲ್ಲಿ ಇದ್ದರೆ ಅದನ್ನೇ ಹಾಕುತ್ತೇನೆ.