ಚಾರ್ಮಾಡಿ ಮಂಜಲ್ಲಿ ಹೆಡ್‌ಲೈಟ್ ಸಾಲ್ತಿಲ್ಲ, 100/90 ವ್ಯಾಟ್ ಬಲ್ಬ್ ಹಾಕ್ಬಹುದಾ?

ಮೂಡಿಗೆರೆ_ಹ್ಯಾಚ್:
ಹನ್ನೆರಡು ವರ್ಷದ ಸಣ್ಣ ಹ್ಯಾಚ್‌ಬ್ಯಾಕ್, ಎಚ್4 ಬಲ್ಬ್ (ಹೈ, ಲೋ ಎರಡೂ ಒಂದೇ ಬಲ್ಬಲ್ಲಿ), ಹೈಗೆ 60, ಲೋಗೆ 55 ವ್ಯಾಟ್. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ರಸ್ತೆ ಅಂಚಿನ ಬಿಳಿ ಗೆರೆಯೂ ಕಾಣಲ್ಲ. ಬಲ್ಬ್ ಹೊಸದು, ಬ್ಯಾಟರಿ ಚೆನ್ನಾಗಿದೆ. 100/90 ಹಾಕಲಾ, ಎಲ್‌ಇಡಿ ಹಾಕಲಾ? ಮಲ್ಟಿಮೀಟರ್ ಇದೆ, ವೈರಿಂಗ್ ಕೆಲಸ ಬರುತ್ತೆ.

ಹಾಸನ_ವೈರಿಂಗ್:
ಎರಡೂ ಬೇಡ ಸರ್. 100/90ಕ್ಕೆ ಕಾರಿನ ಮೂಲ ವೈರು ತಡೆಯಲ್ಲ. ಹೋಲ್ಡರ್ ಕರಗುತ್ತೆ, ಸ್ವಿಚ್ಚಿನ ಪಾಯಿಂಟ್ ಸುಡುತ್ತೆ, ಕಾನೂನಿಗೂ ವಿರುದ್ಧ. ಎಲ್‌ಇಡಿ ಕಥೆ ಬೇರೆ: ರಿಫ್ಲೆಕ್ಟರ್ ಮಾಡಿರೋದೇ ಫಿಲಮೆಂಟ್ ಇರುವ ಜಾಗದ ಲೆಕ್ಕದಲ್ಲಿ. ಚಿಪ್ ಸ್ವಲ್ಪ ಆಚೀಚೆ ಆದರೂ ಬೆಳಕು ಮೇಲಕ್ಕೆ ಚೆಲ್ಲಿ, ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ.

ಮೊದಲು ಅಳೆಯಿರಿ. ಇಂಜಿನ್ ಓಡ್ತಿರಲಿ, ಲೋ ಬೀಮ್ ಹಾಕಿ. ಬ್ಯಾಟರಿ ಟರ್ಮಿನಲ್ ಮೇಲೆ ವೋಲ್ಟೇಜ್ ನೋಡಿ, ಆಮೇಲೆ ಬಲ್ಬಿನ ಹಿಂದೆ, ಪ್ಲಗ್ ಕೀಳದೆ. ಕಿತ್ತು ಅಳೆದರೆ ಲೋಡ್ ಇರಲ್ಲ, ಎಲ್ಲ ಸರಿ ಇದ್ದ ಹಾಗೇ ತೋರಿಸುತ್ತೆ. ವ್ಯತ್ಯಾಸ ಅರ್ಧ ವೋಲ್ಟ್ ಒಳಗಿದ್ದರೆ ವೈರಿಂಗ್ ಮುಟ್ಟಬೇಡಿ. ಬ್ಯಾಟರಿಯಲ್ಲಿ 14, ಬಲ್ಬಿನಲ್ಲಿ 12.6 ಬಂದರೆ ವೋಲ್ಟೇಜ್ ಹೋಗಿದ್ದು ಹತ್ತು ಪರ್ಸೆಂಟ್, ಬೆಳಕು ಹೋಗಿದ್ದು ಹತ್ತಿರಹತ್ತಿರ ಮೂವತ್ತು.

ಮೂಡಿಗೆರೆ_ಹ್ಯಾಚ್:
ಬ್ಯಾಟರಿ 14.1, ಬಲ್ಬ್ 12.5. ಅರ್ತ್ ಬೋಲ್ಟ್ (ಮೈನಸ್ ವೈರು ಕಾರಿನ ಬಾಡಿ ಲೋಹಕ್ಕೆ ಸೇರುವ ಜಾಗ) ಬಿಚ್ಚಿ ತುಕ್ಕು ಉಜ್ಜಿದ ಮೇಲೆ 12.9.

ಹಾಸನ_ವೈರಿಂಗ್:
ಇನ್ನೂ ಒಂದು ವೋಲ್ಟಿಗಿಂತ ಜಾಸ್ತಿ ಹೋಗ್ತಿದೆ, ಹಾಗಾದ್ರೆ ರಿಲೇ ಹಾಕಿ. ಆಗ ಹಳೆ ಸ್ವಿಚ್ ರಿಲೇಯನ್ನಷ್ಟೇ ಆನ್ ಮಾಡುತ್ತೆ, ಬಲ್ಬಿಗೆ ಕರೆಂಟ್ ಬ್ಯಾಟರಿಯಿಂದ ದಪ್ಪ ವೈರಲ್ಲಿ ನೇರ ಬರುತ್ತೆ. 12 ವೋಲ್ಟ್ 30 ಆಂಪ್ಸ್ ನಾಲ್ಕು ಪಿನ್ ರಿಲೇ ಎರಡು (ಲೋಗೆ ಒಂದು, ಹೈಗೆ ಒಂದು), ಪಿಂಗಾಣಿ ಎಚ್4 ಹೋಲ್ಡರ್ ಎರಡು, 2.5 ಚದರ ಮಿಮೀ ವೈರು, 15 ಆಂಪ್ಸ್ ಫ್ಯೂಸ್ ಎರಡು. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಮೂಲಕ ರಿಲೇಯ 30 ನಂಬರ್ ಪಿನ್‌ಗೆ; ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. 87 ನಂಬರ್ ಪಿನ್‌ನಿಂದ ಎರಡೂ ಬಲ್ಬಿಗೆ. ಬಲ್ಬಿನ ಕಾಮನ್ ಪಿನ್ (ಹೈ, ಲೋ ಎರಡಕ್ಕೂ ಸೇರಿದ್ದು) ಹೊಸ ವೈರಲ್ಲಿ ಕಾರಿನ ಬಾಡಿ ಲೋಹಕ್ಕೆ, ಪೇಂಟ್ ಕೆರೆದು.

ರಿಲೇಯನ್ನು ಆನ್ ಮಾಡುವ 85, 86 ಪಿನ್ ಎರಡನ್ನೂ ಬಲ್ಬಿನಿಂದ ಕಿತ್ತ ಹಳೆ ಪ್ಲಗ್ಗಿಗೇ ಕೊಡಿ: ಒಂದು ಕಾಮನ್ ಪಿನ್‌ಗೆ, ಇನ್ನೊಂದು ಲೋ ಪಿನ್‌ಗೆ (ಎರಡನೇ ರಿಲೇಗೆ ಹೈ ಪಿನ್). ಕೆಲವು ಕಾರಲ್ಲಿ ಸ್ವಿಚ್ ಇರೋದು ಅರ್ತ್ ಕಡೆ. ಒಂದು ಪಿನ್ ಕಾರಿನ ಬಾಡಿ ಲೋಹಕ್ಕೆ ಕೊಟ್ಟರೆ ಅಂಥ ಕಾರಲ್ಲಿ ಸರಿಯಾಗಿ ಕೆಲಸ ಮಾಡಲ್ಲ, ಹೀಗೆ ಕೊಟ್ಟರೆ ಎರಡಕ್ಕೂ ಆಗುತ್ತೆ. ಒಳಗೆ ಡಯೋಡ್ ಇರುವ ರಿಲೇ ಮಾತ್ರ ತಗೋಬೇಡಿ, ಪ್ಲಸ್ ಮೈನಸ್ ಉಲ್ಟಾ ಆದರೆ ಫ್ಯೂಸ್ ಹಾರುತ್ತೆ.

ಮೂಡಿಗೆರೆ_ಹ್ಯಾಚ್:
ಎಡ, ಬಲ ಎರಡೂ ಪ್ಲಗ್ ಬೇಕಾ?

ಹಾಸನ_ವೈರಿಂಗ್:
ಒಂದು ಸಾಕು. ಇನ್ನೊಂದಕ್ಕೆ ಟೇಪ್ ಸುತ್ತಿ ಕಟ್ಟಿಬಿಡಿ. ರಿಲೇ ಪಿನ್‌ಗಳು ಕೆಳಮುಖ ಇರಲಿ, ನಮ್ಮ ಮಳೆಗೆ ಮೇಲ್ಮುಖ ಇಟ್ಟರೆ ಎರಡೇ ತಿಂಗಳಿಗೆ ಹಸಿರು ಹಿಡಿಯುತ್ತೆ.

ಬೇಲೂರು_ರಸ್ತೆ:
ಲೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ! ಹನ್ನೆರಡು ವರ್ಷದ ಪ್ಲಾಸ್ಟಿಕ್ ಲೆನ್ಸ್ ಹಳದಿಯಾಗಿರುತ್ತೆ, ನನ್ನ ಪ್ರಕಾರ ಮೊದಲು ಮಾಡಬೇಕಾದ್ದು ಅದೇ. ಸುತ್ತ ಪೇಂಟಿಗೆ ಟೇಪ್ ಹಚ್ಚಿ, ವಾಟರ್ ಪೇಪರ್ 800, 1500, 2000 ನೀರು ಹಾಕ್ತಾ ಉಜ್ಜಿ, ಪಾಲಿಶ್ ಮಾಡಿ. ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೀಲೇಬೇಕು, ಇಲ್ಲದಿದ್ರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಆಮೇಲೆ ಬೀಮಿನ ಲೆವೆಲ್ ನೋಡಿ. ಸಮತಟ್ಟು ಜಾಗದಲ್ಲಿ ಗೋಡೆಗೆ 5 ಮೀಟರ್ ದೂರ ನಿಲ್ಲಿಸಿ, ಒಳಗಿನ ಲೆವೆಲ್ ಗುಂಡಿ 0ಯಲ್ಲಿಟ್ಟು, ಡ್ರೈವರ್ ಸೀಟಲ್ಲಿ ಒಬ್ಬರನ್ನು ಕೂರಿಸಿ. ಲೋ ಬೀಮಿನ ಅಂಚು ಬಲ್ಬಿನ ಎತ್ತರಕ್ಕಿಂತ 5 ಸೆಂಮೀ ಕೆಳಗೆ ಬೀಳಬೇಕು. ಮಂಜಲ್ಲಿ ಹೈ ಬೀಮ್ ಮುಟ್ಟಲೇಬೇಡಿ.